ರುಡಾಲ್ಫ್ ಡೀಸೆಲ್: ಎಂಜಿನ್ನಿಗೆ ಹೆಸರಾಗಿ ಉಳಿದ ಮನುಷ್ಯ

ಪೆಟ್ರೋಲ್ ಬಂಕುಗಳಲ್ಲಿ, ಗ್ಯಾರೇಜುಗಳಲ್ಲಿ, ಕಟ್ಟಡ ಕಾಮಗಾರಿಯ ತಾಣಗಳಲ್ಲಿ ದಿನವೂ ಕೇಳಿಬರುವ ಹೆಸರೊಂದಿದೆ. ಅದು ಒಬ್ಬ ಮನುಷ್ಯನ ಮನೆತನದ ಹೆಸರೆಂಬುದು ನಮ್ಮಲ್ಲಿ ಅನೇಕರಿಗೆ ಹೊಳೆಯುವುದೇ ಇಲ್ಲ. ನಮ್ಮ ಮಹಾನಗರಗಳಲ್ಲಿ ಮೇಲ್ಸೇತುವೆ, ಮೆಟ್ರೋ ಏಳುವಲ್ಲೆಲ್ಲ ಜೆಸಿಬಿ, ಕ್ರೇನು, ಡಂಪರು, ಜನರೇಟರುಗಳ ಹೊಟ್ಟೆಯೊಳಗೆ ಕೈಯಿಟ್ಟು ದುಡಿಯುವ ಮೆಕ್ಯಾನಿಕರಿದ್ದಾರೆ. ಅವರ ಕಸುಬಿಗೆ ಮೂಲಪುರುಷರೆನ್ನಬಹುದಾದ ರುಡಾಲ್ಫ್ ಡೀಸೆಲ್ ಅವರ ಜೀವನವನ್ನು ಈ ಬಾರಿ ಓದುಗರ ಮುಂದಿಡುತ್ತಿದ್ದೇವೆ.

ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಪ್ರಾಂತದ ಮೂಲದವರು. ಪುಸ್ತಕಕ್ಕೆ ರಟ್ಟು ಕಟ್ಟುವುದು, ಚರ್ಮದ ಸಾಮಾನು ತಯಾರಿಸುವುದು ತಂದೆಯ ಉದ್ಯೋಗ. ಬೇರೆ ನುಡಿಯ ಊರಿನಲ್ಲಿ ಹುಟ್ಟಿ ಬೆಳೆಯುವುದೇನೆಂಬುದನ್ನು ಹೊರನಾಡ ಕನ್ನಡಿಗರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹೊತ್ತಿಕೊಂಡಾಗ ಪ್ಯಾರಿಸಿನ ಜರ್ಮನರು ಊರು ಬಿಡಬೇಕಾಯಿತು. ಕುಟುಂಬ ಲಂಡನ್ ಸೇರಿತು. ಹನ್ನೆರಡರ ಬಾಲಕನನ್ನು ಅಲ್ಲಿಂದ ಆಗ್ಸ್‌ಬರ್ಗ್ ಪಟ್ಟಣದ ಬಂಧುಗಳ ಮನೆಗೆ ಕಳುಹಿಸಲಾಯಿತು. ಆ ಮನೆಯ ಯಜಮಾನರು ಗಣಿತದ ಅಧ್ಯಾಪಕರಾಗಿದ್ದುದು ಹುಡುಗನ ಭಾಗ್ಯ.

ಮುಂದೆ ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ವಿದ್ಯಾರ್ಥಿವೇತನದೊಡನೆ ವ್ಯಾಸಂಗ. ಅಲ್ಲಿನ ಗುರುಗಳು, ಶೈತ್ಯಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ. ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಶೇಕಡಾ 6ರಿಂದ 10 ಭಾಗವನ್ನಷ್ಟೇ ದುಡಿಮೆಗೆ ತರುತ್ತದೆ, ಮಿಕ್ಕದ್ದೆಲ್ಲ ವ್ಯರ್ಥವಾಗುತ್ತದೆ ಎಂಬ ಪಾಠ ಶಿಷ್ಯನ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತು. ಟೈಫಾಯ್ಡ್ ಜ್ವರದಿಂದಾಗಿ ಪರೀಕ್ಷೆ ತಪ್ಪಿದಾಗ, ಬಿಡುವಿನ ಆ ತಿಂಗಳುಗಳನ್ನು ಅವರು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿರುವ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿಯುತ್ತ ಕಳೆದರು. 1880ರಲ್ಲಿ ಪದವಿ ಪಡೆದು, ಹತ್ತು ವರ್ಷ ಪ್ಯಾರಿಸಿನಲ್ಲಿ ಲಿಂಡೆಯವರ ಮಂಜುಗಡ್ಡೆ ಯಂತ್ರಗಳ ಕೆಲಸ ನೋಡಿಕೊಂಡರು.

ಅವರ ಕಲ್ಪನೆ ಹೀಗಿತ್ತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಸಿಲಿಂಡರಿನೊಳಗೆ ಗಾಳಿಯನ್ನು ಬಹಳ ಗಟ್ಟಿಯಾಗಿ ಅದುಮಿದರೆ ಅದು ಇಂಧನವನ್ನು ಹೊತ್ತಿಸುವಷ್ಟು ಕಾಯುತ್ತದೆ. ಆಗ ಕಿಡಿಯ ಹಂಗಿಲ್ಲ, ಬಾಯ್ಲರಿನ ಗೊಡವೆಯಿಲ್ಲ. ದೊಡ್ಡ ಉಗಿಯಂತ್ರ ಕೊಳ್ಳಲಾರದ ಸಣ್ಣ ಕುಶಲಕರ್ಮಿಯೂ ತನ್ನ ಅಂಗಡಿಯಲ್ಲೊಂದು ಎಂಜಿನ್ ಇಟ್ಟುಕೊಂಡು ಸ್ವತಂತ್ರನಾಗಿ ಬಾಳಬೇಕೆಂಬುದು ಡೀಸೆಲ್ ಅವರ ಆಸೆ. 1892ರ ಫೆಬ್ರವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮರುವರ್ಷ ಅದು ದೊರೆಯಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಕ್ ಬುಜ್, ಉಕ್ಕಿನ ಉದ್ಯಮಿ ಕ್ರುಪ್ ಅವರ ಸಂಸ್ಥೆ ಇವರೆಲ್ಲ ಬೆಂಬಲಕ್ಕೆ ನಿಂತರು.

ಕಾಗದದ ಮೇಲೆ ಸರಿಯಾಗಿ ಕಂಡದ್ದು ಕಾರ್ಖಾನೆಯಲ್ಲಿ ಸುಲಭವಾಗಿ ಕೈಗೂಡಲಿಲ್ಲ. 1893ರ ಆಗಸ್ಟ್ 10ರಂದು ಮೊದಲ ಎಂಜಿನ್ನಿಗೆ ಇಂಧನ ಬಿಟ್ಟಾಗ ಒಳಗೆ ಸ್ಫೋಟವಾಗಿ, ಒತ್ತಡ ಅಳೆಯಲೆಂದು ಜೋಡಿಸಿದ್ದ ಉಪಕರಣ ಒಡೆದು ಚೂರುಗಳು ಹಾರಿದವು. ಗಾಳಿ ತಾನಾಗಿ ಇಂಧನವನ್ನು ಹೊತ್ತಿಸುತ್ತದೆಂಬುದು ಮಾತ್ರ ಸಿದ್ಧವಾಯಿತು. ಯಂತ್ರವನ್ನು ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿದರು.

1894ರ ಫೆಬ್ರವರಿ 17ರ ಘಟನೆ ನಮಗೆ ಈ ಇಡೀ ಜೀವನಕಥೆಯಲ್ಲಿ ಅತ್ಯಂತ ಪ್ರಿಯವಾದುದು. ಪ್ರಯೋಗದ ಎಂಜಿನ್ನನ್ನು ಕಾರ್ಖಾನೆಯ ಶಾಫ್ಟಿನಿಂದ ಬೆಲ್ಟು ಹಾಕಿ ತಿರುಗಿಸಲಾಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಲಿಂಡರ್ ಎಂಬ ಫಿಟ್ಟರ್‌ನ ಕಣ್ಣು ಆ ಬೆಲ್ಟಿನ ಮೇಲಿತ್ತು. ಅದುವರೆಗೆ ಎಂಜಿನ್ನನ್ನು ಎಳೆಯುತ್ತಿದ್ದ ಬೆಲ್ಟನ್ನು ಈಗ ಎಂಜಿನ್ನೇ ಎಳೆಯುತ್ತಿದೆ ಎಂಬುದನ್ನು ಮೊದಲು ಗುರುತಿಸಿದವನು ಅವನು. ಅವನು ಮಾತಿಲ್ಲದೆ ತಲೆಯ ಟೋಪಿ ತೆಗೆದನು. ಡೀಸೆಲ್ ಅವರಿಗೆ ವಿಷಯ ತಿಳಿದದ್ದು ಆ ಸನ್ನೆಯಿಂದ. ನಿಮಿಷಕ್ಕೆ 88 ಸುತ್ತಿನಂತೆ, ಸುಮಾರು ಒಂದು ನಿಮಿಷ ಕಾಲ, ಎಂಜಿನ್ ಸ್ವಂತ ಬಲದಿಂದ ಓಡಿತು.

ಅನಂತರವೂ ಮೂರು ವರ್ಷಗಳ ದುಡಿಮೆ ಬೇಕಾಯಿತು. ಇಂಧನ ಉರಿಯುವಾಗ ಉಷ್ಣತೆ ಏರಬಾರದೆಂಬ ಪೇಟೆಂಟಿನ ಮೂಲ ಸಿದ್ಧಾಂತವನ್ನು ಬಿಡಬೇಕಾಯಿತು. ಅದುಮುವ ಒತ್ತಡವನ್ನು ಬಹುವಾಗಿ ತಗ್ಗಿಸಬೇಕಾಯಿತು. ಸಿಲಿಂಡರಿಗೆ ನೀರಿನ ತಂಪು ಕೊಡಬೇಕಾಯಿತು. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಮೋರಿಟ್ಜ್ ಶ್ರೋಟರ್ ಅಧಿಕೃತವಾಗಿ ಪರೀಕ್ಷಿಸಿದಾಗ, ಸುಮಾರು 18 ಅಶ್ವಶಕ್ತಿಯ ಆ ಎಂಜಿನ್ ಇಂಧನದ ಶಾಖದಲ್ಲಿ ಶೇಕಡಾ 26.2 ಭಾಗವನ್ನು ಕೆಲಸಕ್ಕೆ ತಂದಿತು. ಜಗತ್ತು ಬೆರಗಾಯಿತು. ಪೇಟೆಂಟಿನಲ್ಲಿದ್ದ ಯಂತ್ರವೇ ಬೇರೆ, ಓಡಿದ ಯಂತ್ರವೇ ಬೇರೆ, ಆದ್ದರಿಂದ ಕೀರ್ತಿ ಡೀಸೆಲ್‌ಗೆ ಸಲ್ಲದು ಎಂದು ವಿರೋಧಿಗಳು ಕೊನೆಯವರೆಗೂ ವಾದಿಸಿದರು. ಈ ವಾದದಲ್ಲಿ ಅರ್ಧ ಸತ್ಯವಿದೆಯೆಂದು ನಮಗೆ ತೋರುತ್ತದೆ. ಕೀರ್ತಿಯಲ್ಲಿ ಆಗ್ಸ್‌ಬರ್ಗ್‌ನ ಫಿಟ್ಟರುಗಳಿಗೂ ಪಾಲಿದೆ. ಆದರೆ ತಮ್ಮ ಸಿದ್ಧಾಂತವನ್ನು ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕಾಲ ತಿದ್ದಿಸಿಕೊಳ್ಳುವ ತಾಳ್ಮೆ ಎಷ್ಟು ಮಂದಿ ವಿದ್ವಾಂಸರಿಗಿದೆ?

ಹಣ ಹರಿದು ಬಂತು. 1898ರಲ್ಲಿ ಹಕ್ಕುಗಳನ್ನು ಹೊಸದೊಂದು ಕಂಪನಿಗೆ 35 ಲಕ್ಷ ಮಾರ್ಕುಗಳಿಗೆ ಮಾರಿದರು. ಮ್ಯೂನಿಕ್‌ನಲ್ಲಿ ಭವ್ಯವಾದ ಬಂಗಲೆ ಎದ್ದಿತು. ಆದರೆ ಅವಸರದಿಂದ ಮಾರಾಟವಾದ ಮೊದಲ ಎಂಜಿನ್‌ಗಳು ಕೊಂಡವರ ಬಳಿ ಮತ್ತೆ ಮತ್ತೆ ಕೆಟ್ಟು ನಿಂತವು. ಅವುಗಳ ರೋಗ ಬಲ್ಲವರು ಆಗ್ಸ್‌ಬರ್ಗ್‌ನ ಹೊರಗೆ ಯಾರೂ ಇರಲಿಲ್ಲ. ಎಂಜಿನ್ ಹುಟ್ಟಿತ್ತು, ಅದರ ಮೆಕ್ಯಾನಿಕ್ ಇನ್ನೂ ಹುಟ್ಟಿರಲಿಲ್ಲ. ಡೀಸೆಲ್ ಅವರ ಆರೋಗ್ಯ ಕುಸಿಯಿತು. ಜಮೀನು ವ್ಯವಹಾರದಲ್ಲಿ, ಎಣ್ಣೆಬಾವಿಗಳಲ್ಲಿ ಹೂಡಿದ ಹಣ ಕರಗಿತು. ಈ ನಡುವೆ 1903ರಲ್ಲಿ, ಕಾರ್ಮಿಕರೇ ಉಳಿತಾಯ ಕೂಡಿಸಿ ಸಹಕಾರದಿಂದ ಕಾರ್ಖಾನೆಗಳ ಒಡೆಯರಾಗುವ ಬಗೆಯನ್ನು ವಿವರಿಸುವ ಪುಸ್ತಕವೊಂದನ್ನು ಬರೆದರು. ಕೊಂಡವರು ತೀರ ಕಡಿಮೆ.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್‌ಡೆನ್ ಎಂಬ ಹಡಗನ್ನು ಏರಿದರು. ಸಂಗಡಿಗರೊಂದಿಗೆ ಊಟ ಮುಗಿಸಿ, ಬೆಳಗ್ಗೆ ಬೇಗ ಎಬ್ಬಿಸಬೇಕೆಂದು ಹೇಳಿ ಕ್ಯಾಬಿನ್ನಿಗೆ ಹೋದರು. ಬೆಳಗಾದಾಗ ಹಾಸಿಗೆಯಲ್ಲಿ ಮಲಗಿದ ಗುರುತಿರಲಿಲ್ಲ. ಮೇಲಂಗಿ, ಟೋಪಿ ಡೆಕ್ಕಿನ ಮೇಲೆ ಸಿಕ್ಕವು. ಹಲವು ದಿನಗಳ ಬಳಿಕ ಡಚ್ ನಾವಿಕರಿಗೆ ಸಮುದ್ರದಲ್ಲಿ ಶವವೊಂದು ದೊರೆಯಿತು. ಜೇಬಿನ ವಸ್ತುಗಳನ್ನು ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಆ ವಸ್ತುಗಳು ತಂದೆಯವೇ ಎಂದು ಮಗ ಯೂಗೆನ್ ಗುರುತಿಸಿದರು. ಸಾಲದ ಹೊರೆಗೆ ಬೇಸತ್ತು ಪ್ರಾಣ ಬಿಟ್ಟರೆಂದು ಬಹುಮಂದಿಯ ನಂಬಿಕೆ. ಕೊಲೆಯೆಂಬ ಊಹೆಗಳೂ ಇವೆ, ಅವಕ್ಕೆ ಆಧಾರ ಸಾಲದು.

ಎಂಜಿನ್ ಮಾತ್ರ ಬೆಳೆಯಿತು. 1927ರಲ್ಲಿ ಬಾಷ್ ಕಂಪನಿ ಇಂಧನ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಅದು ಲಾರಿಗೂ ಹೊಂದುವಂತಾಯಿತು. 1931ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಟ್ರ್ಯಾಕ್ಟರ್ ಬಂದು, ಮಣ್ಣು ಅಗೆಯುವ ಯಂತ್ರಗಳ ಯುಗ ತೆರೆಯಿತು. ನಮ್ಮ ನಾಡಿನಲ್ಲಿ, 1951ರಲ್ಲಿ ಆರಂಭವಾದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಇಂಧನ ಪಂಪುಗಳನ್ನು ತಯಾರಿಸಿತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕೋಲಾರದ ಚಿನ್ನದ ಗಣಿಗಳ ನೆರೆಯಲ್ಲಿ ಬುಲ್ಡೋಜರುಗಳನ್ನು ಕಟ್ಟಿತು. ಕಾಣೆಯಾಗಿದ್ದ ಮೆಕ್ಯಾನಿಕ್ ಊರೂರಿನಲ್ಲಿ ಹುಟ್ಟಿದನು. ಕರಿ ಹೊಗೆ ಕಂಡರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚಾಯಿತು, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಸರಿಯಾಗಿ ಹೊತ್ತುತ್ತಿಲ್ಲ ಎಂದು ಆತ ದೂರದಿಂದಲೇ ಊಹಿಸಬಲ್ಲ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ನಟ್ಟು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತುತ್ತಾನೆ. ಇಂದಿನ ಯಂತ್ರಗಳಲ್ಲಿ ಕಂಪ್ಯೂಟರ್ ಜೋಡಿಸಿ ದೋಷ ಓದುವ ವಿದ್ಯೆಯೂ ಅವನಿಗೆ ಬೇಕು.

ಸಣ್ಣ ಕೆಲಸಗಾರನ ಎಂಜಿನ್ನಿನ ಕನಸು ನನಸಾದದ್ದು ಡೀಸೆಲ್ ಗತಿಸಿ ಇಪ್ಪತ್ತು ವರ್ಷಗಳ ಮೇಲೆ, ಜಪಾನಿನಲ್ಲಿ. 1933ರಲ್ಲಿ ಯಾನ್ಮಾರ್ ಕಂಪನಿಯ ಸ್ಥಾಪಕ ಮಾಗೊಕಿಚಿ ಯಾಮಾವೊಕಾ ರೈತನೂ ಬಳಸಬಹುದಾದ ಪುಟ್ಟ ಡೀಸೆಲ್ ಎಂಜಿನ್ ರೂಪಿಸಿದರು. 1946ರಲ್ಲಿ ಪುಣೆಯಲ್ಲಿ ಆರಂಭವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಅಂಥ ಎಂಜಿನ್‌ಗಳನ್ನು ನಮ್ಮ ಹೊಲಗದ್ದೆಗಳ ಬಾವಿಕಟ್ಟೆಗೆ ತಂದಿತು. ಡೀಸೆಲ್ ಅವರಿಗೆ ಸಮಾಧಿಯಿಲ್ಲ. ಆಗ್ಸ್‌ಬರ್ಗ್‌ನ ಉದ್ಯಾನವೊಂದರಲ್ಲಿ 1957ರಲ್ಲಿ ಯಾಮಾವೊಕಾ ಅವರು ಜಪಾನಿನಿಂದ ತರಿಸಿದ ಕಲ್ಲುಗಳಿಂದ ನಿರ್ಮಿಸಿಕೊಟ್ಟ ಸ್ಮಾರಕವೊಂದಿದೆ.