ಊರುಗೋಲಿನ ದಾದಿ ಆಗ್ನೆಸ್ ಹಂಟ್

ಎಲುಬು ಮತ್ತು ಕೀಲುಗಳ ಬೇನೆಗೆ ತುತ್ತಾದವರ ಶುಶ್ರೂಷೆ ಒಂದು ಪ್ರತ್ಯೇಕ ವಿದ್ಯೆ ಎಂಬ ಮಾತಿಗೆ ಇಂದು ಯಾರೂ ಅಡ್ಡಿ ಹೇಳುವುದಿಲ್ಲ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಸೊಂಟದ ಕೀಲು ಕೊಳೆತ ಬಾಲಕನಾಗಲಿ, ಬೆನ್ನೆಲುಬು ಬಾಗಿದ ಬಾಲಕಿಯಾಗಲಿ ಆಸ್ಪತ್ರೆಯ ಮಂಚಕ್ಕೆ ಭಾರವೆಂದೇ ಎಣಿಕೆ. ಕೆಲವು ವಾರ ಇರಿಸಿಕೊಂಡು, ಇನ್ನು ಮಾಡುವುದಕ್ಕೇನೂ ಇಲ್ಲವೆಂದು ಮನೆಗೆ ಕಳುಹಿಸುವುದು ವಾಡಿಕೆ. ಈ ಮಕ್ಕಳಿಗಾಗಿ ಶುಶ್ರೂಷೆಯ ಹೊಸ ಕ್ರಮವೊಂದನ್ನು ಕಟ್ಟಿದವರು ಪಂಡಿತರೂ ಅಲ್ಲ, ವೈದ್ಯರೂ ಅಲ್ಲ. ಬಾಲ್ಯದಿಂದಲೇ ಕಾಲು ಕುಂಟಾಗಿದ್ದ ಒಬ್ಬ ದಾದಿ. ಇಂಗ್ಲೆಂಡಿನ ಆಗ್ನೆಸ್ ಹಂಟ್ ಅವರ ಜೀವನವನ್ನು ನಾವು ಇಲ್ಲಿ ಸಂಗ್ರಹವಾಗಿ ಹೇಳಲು ಬಯಸುತ್ತೇವೆ.

ಆಗ್ನೆಸ್ ಗ್ವೆಂಡೊಲಿನ್ ಹಂಟ್ ಹುಟ್ಟಿದ್ದು 1866ರ ದಶಂಬರ 31ರಂದು. ವೇಲ್ಸ್ ಗಡಿಗೆ ತಾಗಿರುವ ಶ್ರಾಪ್‌ಶೈರ್ ಸೀಮೆಯ ಬಾಸ್‌ಚರ್ಚ್ ಎಂಬ ಹಳ್ಳಿಯ ಬಳಿಯ ಬೋರಿಯಟನ್ ಪಾರ್ಕ್ ಈ ಮನೆತನದ ನೆಲೆ. ಸಿರಿವಂತ ಜಮೀನುದಾರರ ಕುಟುಂಬ. ಮನೆ ತುಂಬ ಮಕ್ಕಳು. ಬಾಲಕಿಗೆ ಸುಮಾರು ಹತ್ತರ ಪ್ರಾಯವಿದ್ದಾಗ ರಕ್ತಕ್ಕೆ ನಂಜೇರಿತು. ಆ ನಂಜು ಸೊಂಟದ ಎಲುಬಿಗೆ ಇಳಿಯಿತು. ಜೀವ ಉಳಿಯಿತಾದರೂ ಕಾಲು ನೆಟ್ಟಗಾಗಲಿಲ್ಲ. ನೋವು ಕಡೆಯ ತನಕ ಬಿಡಲಿಲ್ಲ.

ತಾಯಿ ಬಹು ಗಟ್ಟಿ ಮನಸ್ಸಿನವರು. ಮಗಳ ಮೇಲೆ ಯಾರೂ ಕನಿಕರ ತೋರುವುದನ್ನು ಆಕೆ ಸಹಿಸುತ್ತಿರಲಿಲ್ಲ. ಉಳಿದ ಮಕ್ಕಳಂತೆ ಆಟ, ಕುದುರೆ ಸವಾರಿ, ತಿರುಗಾಟ ಎಲ್ಲವೂ ಆಗ್ನೆಸಳಿಗೂ ಇರತಕ್ಕದ್ದೆಂಬುದು ಮನೆಯ ಕಟ್ಟಳೆ. ಈ ಕಾಠಿಣ್ಯವೇ ಮಗಳನ್ನು ಗಟ್ಟಿಗೊಳಿಸಿತೆಂದು ಆಕೆಯ ಚರಿತ್ರೆ ಬರೆದವರು ಸಾಮಾನ್ಯವಾಗಿ ಹೊಗಳುತ್ತಾರೆ. ನಮಗೆ ಅಷ್ಟು ಧೈರ್ಯ ಬಾರದು. ನರಳುವ ಮಗುವಿಗೆ ನರಳಲೂ ಬಿಡದ ಮನೆ ಎಲ್ಲ ಮಕ್ಕಳನ್ನೂ ಗಟ್ಟಿಗೊಳಿಸೀತೆ? ಮರುಕದಿಂದ ಕಾಲು ಸರಿಯಾಗದು, ಮೈಗಳ್ಳತನ ಮಾತ್ರ ಬೆಳೆದೀತೆಂಬುದನ್ನು ಆಗ್ನೆಸ್ ಆ ಮನೆಯಲ್ಲೇ ಕಲಿತದ್ದು ದಿಟ. ಆದರೆ ಮುಂದೆ ತನ್ನ ಕೈಗೆ ಬಂದ ನೂರಾರು ಮಕ್ಕಳ ವಿಷಯದಲ್ಲಿ ಆಕೆ ಆ ಪಾಠದ ಜೊತೆಗೆ ನಗುವನ್ನೂ ಸೇರಿಸಿದರು. ತಾಯಿಯಿಂದ ಪಡೆದದ್ದು ಅರ್ಧ. ಉಳಿದರ್ಧ ಆಕೆಯ ಸ್ವಂತದ್ದು.

1878ರಲ್ಲಿ ತಂದೆ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ತಾಯಿ ಆಸ್ಟ್ರೇಲಿಯಕ್ಕೆ ಹೋಗಿ ಅಂಗೋರಾ ಮೇಕೆ ಸಾಕುವ ಹಂಚಿಕೆ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದರು. ಮೇಕೆಯ ಹಂಚಿಕೆ ಕೈಗೂಡಲಿಲ್ಲ. ಆಗ್ನೆಸ್ ಇಂಗ್ಲೆಂಡಿಗೆ ಮರಳಿ, 1887ರಲ್ಲಿ ವೇಲ್ಸಿನ ರಿಲ್ ಎಂಬ ಕಡಲ ತೀರದ ಊರಿನ ಆಸ್ಪತ್ರೆಯಲ್ಲಿ ದಾದಿಯ ವಿದ್ಯೆಗೆ ಸೇರಿದರು. ಕುಂಟುವ ಹೆಣ್ಣು ದಾದಿಯಾಗುವುದೆಂದರೇನೆಂದು ಮೂಗು ಮುರಿದವರು ಇದ್ದರು. ತರಬೇತಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಯಿತು. ಆದರೂ ಕಲಿತು ಮುಗಿಸಿ, ಬಡವರ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ದಾದಿಯಾದರು. ಆ ಅಲೆದಾಟದಲ್ಲಿ ದೊರೆತ ಗೆಳತಿ ಎಮಿಲಿ ಗುಡ್‌ಫರ್ಡ್ ಬಹುಕಾಲ ಆಕೆಯ ಬಲಗೈಯಾಗಿದ್ದರು.

1900ರ ಅಕ್ಟೋಬರ 1ರಂದು ಬಾಸ್‌ಚರ್ಚಿನ ಫ್ಲಾರೆನ್ಸ್ ಹೌಸ್ ಎಂಬ ಮನೆಯಲ್ಲಿ ಈ ಇಬ್ಬರೂ ಸೇರಿ ಒಂದು ವಿಶ್ರಾಂತಿಧಾಮ ತೆರೆದರು. ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳು ಕೆಲವು ದಿನ ಚೇತರಿಸಿಕೊಂಡು ಹೋಗಲೆಂಬುದೇ ಮೊದಲ ಉದ್ದೇಶ. ಬಂದವರಾದರೋ ಬಹುಪಾಲು ಕಾಲು ಬಾರದ ಮಕ್ಕಳು. ಹಳೆಯ ಮನೆ, ಮಾಳಿಗೆಗೆ ಮೆಟ್ಟಿಲು. ಸೊಂಟದಿಂದ ಪಾದದ ತನಕ ಕಟ್ಟು ಹಾಕಿದ ಮಗುವನ್ನು ಮೇಲಕ್ಕೆ ಹೊತ್ತೊಯ್ಯುವುದು ಹೇಗೆ? ಒಯ್ಯುವುದೇ ಬೇಡವೆಂದು ತೋಟದಲ್ಲಿ ಒಂದು ಪಕ್ಕ ತೆರೆದ ಮರದ ಷೆಡ್ಡುಗಳನ್ನು ಕಟ್ಟಿಸಿ ಮಂಚಗಳನ್ನು ಅಲ್ಲಿಗೇ ಸಾಗಿಸಿದರು. ಬಯಲಿನ ಗಾಳಿ, ಬಿಸಿಲು ಮತ್ತು ಒಳ್ಳೆಯ ಊಟದಿಂದ ಮಕ್ಕಳ ಮುಖಕ್ಕೆ ಕಳೆ ಏರಿದ್ದನ್ನು ಕಂಡ ಮೇಲೆ ಅದೇ ಆ ಸ್ಥಳದ ಚಿಕಿತ್ಸಾಕ್ರಮವಾಯಿತು. ಹೊದಿಕೆಯ ಮೇಲೆ ಹಿಮ ಬಿದ್ದರೂ ಮಕ್ಕಳು ಅಲ್ಲಿಯೇ ಮಲಗುತ್ತಿದ್ದರು. ಎಲುಬು ರೋಗಿಗಳಿಗಾಗಿ ಲೋಕದಲ್ಲೇ ಮೊತ್ತಮೊದಲು ತಲೆಯೆತ್ತಿದ ಬಯಲು ಆಸ್ಪತ್ರೆಗಳಲ್ಲಿ ಇದೊಂದು. ಒಂದು ಮೆಟ್ಟಿಲಸಾಲಿನ ಅಡಚಣೆಯಿಂದ ಇದು ಹುಟ್ಟಿತೆಂಬುದನ್ನು ವಾಚಕರು ಗಮನಿಸಬೇಕು.

ಆದರೆ ಗಾಳಿಯೊಂದೇ ಬಾಗಿದ ಕಾಲನ್ನು ನೇರಗೊಳಿಸದು. ತನ್ನದೇ ಸೊಂಟದ ನೋವು ಹೆಚ್ಚಿದಾಗ ಆಗ್ನೆಸ್ ಲಿವರ್‌ಪೂಲಿನ ಶಸ್ತ್ರವೈದ್ಯ ರಾಬರ್ಟ್ ಜೋನ್ಸರ ಬಳಿಗೆ ಹೋದರು. ಮುರಿದ ತೊಡೆಯನ್ನು ಅಲುಗದಂತೆ ಹಿಡಿದಿಡುವ ಕಬ್ಬಿಣದ ಸಾಧನವನ್ನು ರೂಪಿಸಿದ ಹ್ಯೂ ಓವೆನ್ ಥಾಮಸರ ಬಂಧುವೂ ಶಿಷ್ಯರೂ ಆಗಿದ್ದ ಜೋನ್ಸರು ಅಂದಿನ ಎಲುಬು ವೈದ್ಯರಲ್ಲಿ ಅಗ್ರಗಣ್ಯರು; ಬಡವರಿಗೆ ಉಚಿತವಾಗಿ ಚಿಕಿತ್ಸೆ ನೀಡುವವರು. ತಾನು ಗುಣ ಹುಡುಕಿ ಹೋದ ಬಾಗಿಲಿಗೆ ಆಗ್ನೆಸ್ ತನ್ನ ಮಕ್ಕಳನ್ನೂ ಕರೆದೊಯ್ಯತೊಡಗಿದರು. ನಡೆಯಲಾರದ ಮಕ್ಕಳನ್ನು ರೈಲಿಗೆ ಏರಿಸಿ ಇಳಿಸಿ ಲಿವರ್‌ಪೂಲಿಗೆ ಮುಟ್ಟಿಸುವುದು ಊರುಗೋಲು ಹಿಡಿದ ಹೆಣ್ಣಿಗೆ ಎಂತಹ ಪ್ರಯಾಸವೆಂದು ಹೇಳಬೇಕಾಗಿಲ್ಲ. ಇದನ್ನು ಕಂಡ ಜೋನ್ಸರು ಕ್ರಮೇಣ ತಾವೇ ಬಾಸ್‌ಚರ್ಚಿಗೆ ಬರತೊಡಗಿದರು. ಹಳ್ಳಿಯ ಷೆಡ್ಡಿನ ಬಳಿ ಶಸ್ತ್ರಚಿಕಿತ್ಸೆಯ ಕೋಣೆಯೂ ಎದ್ದಿತು.

ಅಂದು ಎಲುಬಿನ ಕ್ಷಯಕ್ಕೆ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ರೋಗ ಹಿಡಿದ ಕೀಲನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲುಗಿಸದೆ ಇಡುವುದೇ ಚಿಕಿತ್ಸೆ. ವೈದ್ಯರು ಕಟ್ಟು ಹಾಕಿ ಹೋಗುತ್ತಾರೆ. ಮತ್ತೆ ಅವರು ಬರುವ ತನಕ ಆ ಕಟ್ಟಿನ ಹೊಣೆ ದಾದಿಯದು. ಕಬ್ಬಿಣದ ಬಳೆ ತೊಡೆಸಂದಿಯ ಚರ್ಮವನ್ನು ಉಜ್ಜದಂತೆ ದಿನವೂ ನೋಡಬೇಕು. ಕಾಲ್ಬೆರಳ ಬಣ್ಣ ಕಪ್ಪಿಟ್ಟಿತೆ, ತಣ್ಣಗಾಯಿತೆ ಎಂದು ಮುಟ್ಟಿ ತಿಳಿಯಬೇಕು, ಏಕೆಂದರೆ ಬಿಗಿಯಾದ ಕಟ್ಟು ಒಂದೇ ರಾತ್ರಿಯಲ್ಲಿ ಕಾಲನ್ನು ಕೊಲ್ಲಬಲ್ಲುದು. ಬೆನ್ನಿಗೆ ಹಾಸಿಗೆ ಹುಣ್ಣಾಗಬಾರದು, ಪಾದ ಜೋತುಬೀಳಬಾರದು, ರೋಗವಿಲ್ಲದ ಕೈಕಾಲುಗಳು ಕೆಲಸವಿಲ್ಲದೆ ಸೊರಗಬಾರದು. ಇದೆಲ್ಲ ಸಾಮಾನ್ಯ ದಾದಿಯರಿಗೆ ಯಾರೂ ಕಲಿಸಿರಲಿಲ್ಲ. ಬಾಸ್‌ಚರ್ಚಿನಲ್ಲಿ ಅದನ್ನು ಕಲಿಸಲಾಯಿತು. ಎಲುಬು ರೋಗಿಗಳ ಶುಶ್ರೂಷೆಗೆ ಆಗ್ನೆಸ್ ಹಂಟ್ ಅವರನ್ನು ಮೂಲಪುರುಷರಂತೆ ನೆನೆಯುವುದು ಈ ಕಾರಣಕ್ಕೆ.

ಇನ್ನೂ ಒಂದು ಸಂಕಟವಿತ್ತು. ಆಕೆಯ ಬಾಳಿನಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ತೋರುವುದು ಇದೇ. ಗುಣವಾಗಿ ಮನೆಗೆ ಹೋದ ಮಗು ಮರಳಿ ಬರುವಾಗ ಮೊದಲಿಗಿಂತ ಕೆಟ್ಟಿರುತ್ತಿತ್ತು. ತಾಯಿ ಕಟ್ಟನ್ನು ಬಿಚ್ಚಿರುತ್ತಿದ್ದಳು, ಇಲ್ಲವೆ ಬೆಳೆದ ಕಾಲಿಗೆ ಹಳೆಯ ಕಟ್ಟು ಗಿಡ್ಡವಾಗಿರುತ್ತಿತ್ತು. ತಾಯಿಯನ್ನು ದೂರಿ ಪ್ರಯೋಜನವೇನು? ತಿರುಗಿ ತೋರಿಸಲು ಅವಳ ಬಳಿ ರೈಲಿನ ಹಣವೂ ಇಲ್ಲ, ದಿನವೂ ಇಲ್ಲ. ಆದ್ದರಿಂದ ಆಸ್ಪತ್ರೆಯೇ ಅವಳ ಬಳಿಗೆ ಹೋಗತಕ್ಕದ್ದೆಂದು ಆಗ್ನೆಸ್ ನಿಶ್ಚಯಿಸಿದರು. ಸುತ್ತಣ ಪಟ್ಟಣಗಳಲ್ಲಿ ಗೊತ್ತಾದ ದಿನಗಳಂದು ದಾದಿ ಹೋಗಿ ಕೂರುವ ಚಿಕಿತ್ಸಾಕೇಂದ್ರಗಳು ಒಂದೊಂದಾಗಿ ಹುಟ್ಟಿದವು. ಕಟ್ಟನ್ನು ಸರಿಪಡಿಸುವುದು ಅಲ್ಲಿಯ ಅರ್ಧ ಕೆಲಸ; ಅದನ್ನು ಏಕೆ ಬಿಚ್ಚಬಾರದೆಂದು ತಾಯಿಗೆ ತಿಳಿಯುವಂತೆ ಹೇಳುವುದು ಇನ್ನರ್ಧ. ರೋಗಿಗೂ ಮನೆಯವರಿಗೂ ಕಲಿಸದೆ ಎಲುಬಿನ ಚಿಕಿತ್ಸೆ ಮುಗಿಯದು. 1919ರಲ್ಲಿ ಜೋನ್ಸ್ ಮತ್ತು ಗರ್ಡಲ್‌ಸ್ಟೋನ್ ಎಂಬ ವೈದ್ಯರು ಅಂಗವಿಕಲ ಮಕ್ಕಳಿಗಾಗಿ ಇಡೀ ದೇಶಕ್ಕೆ ಅನ್ವಯಿಸುವ ಯೋಜನೆಯೊಂದನ್ನು ಮುಂದಿಟ್ಟಾಗ, ಹಳ್ಳಿಗಾಡಿನಲ್ಲೊಂದು ಆಸ್ಪತ್ರೆ, ಅದರ ಸುತ್ತ ಇಂತಹ ಕೇಂದ್ರಗಳು ಎಂಬ ಬಾಸ್‌ಚರ್ಚಿನ ಮಾದರಿಯೇ ಅದರ ತಿರುಳಾಗಿತ್ತು.

ನಮ್ಮ ಊರುಗಳಲ್ಲಿ ಪೋಲಿಯೊ ತಗಲಿ ಕಾಲಿಗೆ ಕ್ಯಾಲಿಪರ್ ತೊಟ್ಟ ಮಕ್ಕಳನ್ನು ಕಂಡ ಹಿರಿಯರಿಗೆ ಈ ಸಂಕಟ ಹೊಸದಲ್ಲ. 2014ರ ಮಾರ್ಚಿಯಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಅದಕ್ಕೆ ಮುನ್ನ, ಬೆಳೆಯುವ ಕಾಲಿಗೆ ಹಳೆಯ ಕ್ಯಾಲಿಪರ್ ಸಾಲದಾಗಿ ಮೂಲೆ ಸೇರಿದ ಮನೆಗಳೆಷ್ಟೋ!

ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರೂ ಬಾಸ್‌ಚರ್ಚಿನ ಷೆಡ್ಡುಗಳಿಗೆ ಬಂದರು. 1918ರಲ್ಲಿ ಆಗ್ನೆಸರಿಗೆ ರಾಯಲ್ ರೆಡ್ ಕ್ರಾಸ್ ಪದಕ ದೊರೆಯಿತು. ಅದೇ ಕಾಲಕ್ಕೆ ಲಂಡನಿನ ಶೆಪರ್ಡ್ಸ್ ಬುಷ್ ಆಸ್ಪತ್ರೆಯಲ್ಲಿ ಗಾಯಾಳುಗಳು ಗುಣವಾಗುತ್ತಲೇ ಕೈಕೆಲಸ ಮಾಡುವ ಕಾರ್ಯಾಗಾರಗಳು ನಡೆಯುತ್ತಿದ್ದವು. ಅವನ್ನು ಮುಂದೆ ನಿಂತು ಕಟ್ಟಿದವರಲ್ಲಿ ಸಿಂಹಾಸನ ಕಳೆದುಕೊಂಡು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಪೋರ್ಚುಗಲಿನ ಅರಸ ಎರಡನೆಯ ಮನುವೆಲ್ ಒಬ್ಬರು. ಕೆಲಸವೂ ಒಂದು ಔಷಧವೆಂಬ ತಿಳಿವು ಹೀಗೆ ಹಲವೆಡೆ ಒಟ್ಟಿಗೆ ಮೊಳೆಯಿತು.

ಬಾಸ್‌ಚರ್ಚಿನ ಸ್ಥಳ ಸಾಲದಾಯಿತು. 1921ರಲ್ಲಿ ಆಸ್ಪತ್ರೆ ಆಸ್‌ವೆಸ್ಟ್ರಿ ಬಳಿಯ ಪಾರ್ಕ್ ಹಾಲ್ ಎಂಬಲ್ಲಿದ್ದ ಯುದ್ಧಕಾಲದ ಸೈನ್ಯದ ಬಿಡಾರಕ್ಕೆ ಸ್ಥಳಾಂತರಗೊಂಡಿತು. ಇದನ್ನು ಕಾಣಲು ಗೆಳತಿ ಗುಡ್‌ಫರ್ಡ್ ಬದುಕಿರಲಿಲ್ಲ. 1926ರಲ್ಲಿ ಆಗ್ನೆಸರಿಗೆ ಡೇಮ್ ಎಂಬ ಬಿರುದು ಬಂತು. 1933ರಲ್ಲಿ ಜೋನ್ಸರು ತೀರಿಕೊಂಡರು. ಅದೇ ವರ್ಷ ಆಸ್ಪತ್ರೆಗೆ ರಾಬರ್ಟ್ ಜೋನ್ಸ್ ಮತ್ತು ಆಗ್ನೆಸ್ ಹಂಟ್ ಎಂಬ ಜೋಡಿ ಹೆಸರಾಯಿತು. ಶಸ್ತ್ರವೈದ್ಯರ ಹೆಸರಿನ ಜೊತೆಗೆ ಸಮಸಮವಾಗಿ ದಾದಿಯ ಹೆಸರನ್ನು ಹೊತ್ತ ಆಸ್ಪತ್ರೆಗಳು ಹೆಚ್ಚಿರಲಾರವು.

ಕಾಲು ಸರಿಯಾಗದೆಯೇ ಉಳಿದವರ ಗತಿಯೇನು? ವರ್ಷಗಟ್ಟಲೆ ಮಲಗಿ ಶಾಲೆ ತಪ್ಪಿದ ಹುಡುಗ ಹದಿನಾರರ ಪ್ರಾಯದಲ್ಲಿ ಮನೆಗೆ ಹೋಗಿ ಒಲೆಯ ಮೂಲೆಯಲ್ಲಿ ಕೂರುವುದಾದರೆ ಅಷ್ಟು ಶುಶ್ರೂಷೆ ಏತಕ್ಕಾಯಿತು? ತಾನೇ ಊರುಗೋಲಿನ ಮೇಲೆ ನಿಂತು ದುಡಿದ ಆಗ್ನೆಸರಿಗೆ ಇದು ತರ್ಕದ ಪ್ರಶ್ನೆಯಾಗಿರಲಿಲ್ಲ. 1927ರಲ್ಲಿ ಆಸ್ಪತ್ರೆಯ ಸಮೀಪ ಡರ್ವೆನ್ ಎಂಬ ತರಬೇತಿ ಕಾಲೇಜು ಅಂಗವಿಕಲ ತರುಣ ತರುಣಿಯರಿಗಾಗಿ ತೆರೆಯಿತು. ಡರ್ವೆನ್ ಎಂದರೆ ವೇಲ್ಸಿನ ನುಡಿಯಲ್ಲಿ ಓಕ್ ಮರ. ಹೊಲಿಗೆ, ಜೋಡು ಹೊಲಿಯುವುದು ಮೊದಲಾದ ಕಸುಬುಗಳನ್ನು ಅಲ್ಲಿ ಕಲಿಸಿದರು. ದಾನದ ತಟ್ಟೆಯ ಬದಲು ಕೂಲಿಯ ಹಣ ಅವರ ಕೈಗೆ ಬರಲಿ ಎಂಬುದೇ ಗುರಿ.

ಈ ಕ್ರಮದಲ್ಲಿ ದೋಷವಿರಲಿಲ್ಲವೆಂದಲ್ಲ. ಅಂದಿನ ಇಂತಹ ಆಸ್ಪತ್ರೆಗಳಲ್ಲಿ ಪುಟ್ಟ ಮಕ್ಕಳು ತಂದೆ ತಾಯಿಯರನ್ನು ಅಪರೂಪಕ್ಕೊಮ್ಮೆ ಕಾಣುತ್ತ ವರ್ಷ ಕಳೆಯುತ್ತಿದ್ದರು. ಆ ಅಗಲಿಕೆಯೂ ಒಂದು ಗಾಯವೆಂದು ವೈದ್ಯಲೋಕ ಒಪ್ಪಿದ್ದು ಬಹು ತಡವಾಗಿ.

1948ರ ಜುಲಾಯಿ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂತು. ಹತ್ತೊಂಬತ್ತು ದಿನಗಳ ಬಳಿಕ, ಜುಲಾಯಿ 24ರಂದು, ಡೇಮ್ ಆಗ್ನೆಸ್ ಹಂಟ್ ಬಾಸ್‌ಚರ್ಚಿನಲ್ಲಿ ತೀರಿಕೊಂಡರು. ಆಗ ಆಕೆಗೆ ಎಂಬತ್ತೊಂದು ವರ್ಷ. ಆಸ್‌ವೆಸ್ಟ್ರಿಯ ಆಸ್ಪತ್ರೆ ಇಂದಿಗೂ ಎಲುಬು ರೋಗಿಗಳನ್ನು ನೋಡುತ್ತಿದೆ. ಡರ್ವೆನ್ ಕಾಲೇಜಿಗೆ ಈಗ ಬರುವವರಲ್ಲಿ ಹೆಚ್ಚಿನವರು ಕಲಿಕೆಯ ತೊಡಕುಳ್ಳ ತರುಣರು. ತೋಟಗಾರಿಕೆ, ಹೋಟೆಲಿನ ಕೆಲಸ ಮುಂತಾದ ಕಸುಬುಗಳನ್ನು ಕಲಿಯುತ್ತಾರೆ.