ಭೀತಿಯನ್ನು ಶೋಧಿಸಿದವನು

ನಮ್ಮ ಬಂಕಾಪುರದ ಕೋಟೆಯಂಥ ಪಾಳು ನೆಲೆಗಳಿಗೆ ದೆವ್ವದ ಕತೆಗಳು ತಾವಾಗಿ ಅಂಟಿಕೊಳ್ಳುತ್ತವೆ. ಅಂಥ ಕತೆ ಕಿವಿಗೆ ಬಿದ್ದಾಗಲೆಲ್ಲ ನಾನು ಆಂಗ್ಲ ಕತೆಗಾರ ವಿಲಿಯಂ ಹೋಪ್ ಹಾಡ್ಜ್‌ಸನ್‌ನನ್ನು ನೆನೆಯುತ್ತೇನೆ. 1877ರಲ್ಲಿ ಎಸೆಕ್ಸ್ ಸೀಮೆಯ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ ಈತನು ಎಳೆಯ ವಯಸ್ಸಿನಲ್ಲಿಯೇ ಹಡಗು ಸೇರಿದನು. ಹಿರಿಯ ನಾವಿಕರ ಕಿರುಕುಳವನ್ನು ಎದುರಿಸಲೆಂದು ಅಂಗಸಾಧನೆ ಮಾಡಿ ಮೈಯನ್ನು ಹುರಿಗೊಳಿಸಿದನು. 1898ರಲ್ಲಿ ಶಾರ್ಕ್ ಮೀನುಗಳಿದ್ದ ಕಡಲಿಗೆ ಧುಮುಕಿ, ಸಂಗಡಿಗನೊಬ್ಬನನ್ನು ಉಳಿಸಿ ಪದಕ ಪಡೆದನು. ಭಯವನ್ನು ಅವನು ಪುಸ್ತಕಗಳಿಂದ ಕಲಿಯಲಿಲ್ಲ.

1910ರಲ್ಲಿ ಅವನ ಲೇಖನಿಯಿಂದ ಕಾರ್ನಾಕಿ ಎಂಬ ಭೂತಶೋಧಕನು ಮೂಡಿದನು. ಪೀಡೆಯ ಮನೆಗೆ ಹೋಗುವಾಗ ಕಾರ್ನಾಕಿಯು ಪ್ರಾಚೀನ ರಕ್ಷಾಮಂಡಲದ ಜತೆಗೆ ಕ್ಯಾಮರಾವನ್ನೂ ವಿದ್ಯುದ್ದೀಪದ ಪಂಚಕೋನವನ್ನೂ ಒಯ್ಯುತ್ತಾನೆ. ಬಾಗಿಲುಗಳಿಗೆ ಮುದ್ರೆಯೊತ್ತಿ ಕಾಯುತ್ತಾನೆ. ಕೊನೆಗೆ ಸಿಕ್ಕುವುದು ಒಮ್ಮೆ ಮನುಷ್ಯನ ಕಪಟ, ಒಮ್ಮೆ ನಿಜವಾದ ಪಿಶಾಚ, ಮತ್ತೊಮ್ಮೆ ಎರಡೂ. ಪರೀಕ್ಷಿಸುವ ಮುನ್ನ ನಂಬುವುದೂ ಸಲ್ಲದು, ನಗುವುದೂ ಸಲ್ಲದು. ಆ ಕತೆಗಳ ಸತ್ವವಿರುವುದು ಈ ಸಂಯಮದಲ್ಲಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಮೊದಲ ಮಹಾಯುದ್ಧದಲ್ಲಿ ಹಾಡ್ಜ್‌ಸನ್ ಫಿರಂಗಿದಳವನ್ನು ಸೇರಿದನು. ಗಾಯಗೊಂಡು ಬಿಡುಗಡೆಯಾದರೂ ಗುಣವಾದೊಡನೆ ಮತ್ತೆ ರಣರಂಗಕ್ಕೆ ಹೋದನು. 1918ರ ಏಪ್ರಿಲಿನಲ್ಲಿ, 40ನೆಯ ವಯಸ್ಸಿನಲ್ಲಿ, ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಶತ್ರುಗಳ ಸಿಡಿಗುಂಡಿಗೆ ಬಲಿಯಾದನು. ಅಲ್ಲಿ ಕಾರ್ನಾಕಿಯು ಶೋಧಿಸಬೇಕಾದ ಪಿಶಾಚ ಯಾವುದೂ ಇರಲಿಲ್ಲ; ಆ ಸಾವು ಪೂರ್ತಿಯಾಗಿ ಮನುಷ್ಯರದೇ ಕೆಲಸವಾಗಿತ್ತು.