ಮೆಡೋಸ್ ಟೇಲರ್: ಕೊಲೆಗಾರನ ಕಥನ ಮತ್ತು ಸುರಪುರದ ಮೌನ

ಫಿಲಿಪ್ ಮೆಡೋಸ್ ಟೇಲರ್‌ನ (1808-1876) ಹೆಸರು ಎರಡು ಬೇರೆ ಬೇರೆ ನೆಲೆಗಳಲ್ಲಿ ಉಳಿದುಬಂದಿದೆ. ಇಂಗ್ಲಿಷ್ ಸಾಹಿತ್ಯ ಚರಿತ್ರೆಗೆ ಅವನು ಕೊಲೆಗಾರನೊಬ್ಬನ ಆತ್ಮಕಥನದ ರೂಪದ ಕಾದಂಬರಿ ಬರೆದ ಲೇಖಕ. ಇಂದಿನ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಅವನು ಬೆಟ್ಟದ ಮೇಲೆ ಟೇಲರ್ ಮಂಜಿಲ್ ಕಟ್ಟಿಸಿದ, ಬಾಲಕ ದೊರೆಯನ್ನು ಪೋಷಿಸಿದ ಆಡಳಿತಗಾರ. ಸಾಮಾನ್ಯವಾಗಿ ಬಿಡಿಬಿಡಿಯಾಗಿ ಚರ್ಚಿತವಾಗುವ ಈ ಎರಡು ಮುಖಗಳನ್ನು ಬೆಸೆಯುವ ಎಳೆಯೊಂದಿದೆ, ಅದು ತಪ್ಪೊಪ್ಪಿಗೆ.

ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ ಹದಿನೈದರ ಹರೆಯದಲ್ಲಿ, 1824ರಲ್ಲಿ, ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಬಂದನು. ಆ ವ್ಯಾಪಾರ ಆಗಲೇ ಕುಸಿಯುತ್ತಿದ್ದುದರಿಂದ ಅದೇ ವರ್ಷ ಹೈದರಾಬಾದಿನ ನಿಜಾಮನ ಸೈನ್ಯವನ್ನು ಸೇರಿದನು. ಫಾರ್ಸಿ, ಹಿಂದೂಸ್ತಾನಿ, ಮರಾಠಿಗಳನ್ನು ಕಲಿತು ಪೊಲೀಸ್ ಅಧಿಕಾರವನ್ನೂ ನಿರ್ವಹಿಸಿದನು. ತನ್ನ ಸರಹದ್ದಿನ ದಾರಿಗಳಲ್ಲಿ ಪ್ರಯಾಣಿಕರ ಹೆಣಗಳು ದೊರೆತಾಗ ಅದರ ಹಿಂದೆ ಸಂಘಟಿತ ಕೃತ್ಯವಿರಬೇಕೆಂದು ಶಂಕಿಸಿದ್ದನು. ಆದರೆ ಶೋಧ ಮುಂದುವರಿಯುವ ಮೊದಲೇ ಅವನನ್ನು ಸೈನ್ಯಕ್ಕೆ ಮರಳಿ ಕರೆಸಿಕೊಳ್ಳಲಾಯಿತು. ಠಗರ ಶೋಧದ ಕೀರ್ತಿ ವಿಲಿಯಂ ಸ್ಲೀಮನ್‌ಗೆ ಸಂದಿತು. ಅನಂತರ ಹೈದರಾಬಾದ್ ಸೀಮೆಯಲ್ಲಿ ಠಗರ ಹೇಳಿಕೆಗಳನ್ನು ದಾಖಲಿಸುವ ಕಾರ್ಯದಲ್ಲಿ ಟೇಲರ್ ತೊಡಗಿದನು.

ಕನ್ನಡ ನಾಡಿಗೆ ಈ ಕೊಲೆಗಾರರು ಅಪರಿಚಿತರಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ತರುವಾಯ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಮಂದಿ ಸೆರೆಸಿಕ್ಕಿದ್ದರು. ಮದರಾಸಿನ ವೈದ್ಯ ಶೆರ್‌ವುಡ್ 1816ರಲ್ಲಿ ಬರೆದ ಲೇಖನವು ಇಂಥವರಿಗೆ ಕನ್ನಡದಲ್ಲಿ ತಂತಿ ಕಳ್ಳರು ಎಂಬ ಹೆಸರಿದ್ದುದನ್ನು ನಮೂದಿಸುತ್ತದೆ. ಕನ್ನಡದ ಠಕ್ಕ ಎಂಬ ಪದಕ್ಕೆ ವಂಚಕನೆಂಬುದೇ ಪ್ರಧಾನಾರ್ಥ. ಅದರ ಸೋದರ ಪದವಾದ ಠಗ್ ಇಂಗ್ಲಿಷಿಗೆ ಹೋಗಿ ಕೊರಳು ಬಿಗಿದು ಕೊಲ್ಲುವವನನ್ನು ಸೂಚಿಸತೊಡಗಿತು.

ಈ ಅರ್ಥವನ್ನು ಜನಪ್ರಿಯಗೊಳಿಸಿದ ಕೃತಿಗಳಲ್ಲಿ ಟೇಲರ್‌ನ ‘ಕನ್ಫೆಷನ್ಸ್ ಆಫ್ ಎ ಥಗ್’ (1839) ಮುಖ್ಯವಾದುದು. ಮೂರು ಸಂಪುಟಗಳ ಈ ಕಾದಂಬರಿಯಲ್ಲಿ ಸೆರೆಮನೆಯಲ್ಲಿರುವ ಅಮೀರ್ ಅಲಿ ತನ್ನ ಕೊಲೆಗಳ ವೃತ್ತಾಂತವನ್ನು ಸಾಹೇಬನೊಬ್ಬನಿಗೆ ಒಪ್ಪಿಸುತ್ತಾನೆ. ಅವನ ಮಾತಿನಲ್ಲಿ ಪಶ್ಚಾತ್ತಾಪಕ್ಕಿಂತ ಕಸುಬಿನ ಹೆಮ್ಮೆಯೇ ಹೆಚ್ಚು. ತಾನು ಕಂಡ ನಿಜವಾದ ಠಗನೊಬ್ಬನು 719 ಕೊಲೆಗಳನ್ನು ಒಪ್ಪಿಕೊಂಡಿದ್ದನೆಂದು ಟೇಲರ್ ಪ್ರಸ್ತಾವನೆಯಲ್ಲಿ ತಿಳಿಸಿದ್ದಾನೆ. ಅಚ್ಚಾಗುತ್ತಿದ್ದ ಹಾಳೆಗಳನ್ನೇ ವಿಕ್ಟೋರಿಯಾ ರಾಣಿ ತರಿಸಿಕೊಂಡು ಓದಿದಳೆಂಬುದು ಲಂಡನ್ನಿನ ಓದುಗವಲಯದ ಕುತೂಹಲಕ್ಕೆ ನಿದರ್ಶನವಾಗಿದೆ. ದೂರದೇಶದ ಕೊಲೆ ಆ ಓದುಗರಿಗೆ ಭಯವನ್ನೂ ರಂಜನೆಯನ್ನೂ, ಜೊತೆಗೆ ವಸಾಹತು ಆಡಳಿತದ ಅಗತ್ಯದ ಬಗೆಗೆ ನಂಬಿಕೆಯನ್ನೂ ಏಕಕಾಲಕ್ಕೆ ಒದಗಿಸಿತು.

ಆದರೆ ಈ ಕಥನದ ಮೂಲದ್ರವ್ಯ ಮಾಫಿ ಸಾಕ್ಷಿಗಳ ಹೇಳಿಕೆ. ಗಲ್ಲಿನಿಂದ ಪಾರಾಗಬೇಕಾದರೆ ಬಂದಿಯು ತನ್ನ ಕೃತ್ಯವನ್ನು ಒಪ್ಪಿಕೊಳ್ಳಬೇಕಿತ್ತು, ಸಂಗಡಿಗರ ಹೆಸರುಗಳನ್ನೂ ಹೇಳಬೇಕಿತ್ತು. 1836ರ ಕಾಯಿದೆಯ ಪ್ರಕಾರ ಠಗರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ನಿರ್ದಿಷ್ಟ ಕೊಲೆ ರುಜುವಾತಾಗದಿದ್ದರೂ ಜೀವಾವಧಿ ಶಿಕ್ಷೆ ವಿಧಿಸಬಹುದಿತ್ತು. ರಾಧಿಕಾ ಸಿಂಘಾ, ಕಿಮ್ ವ್ಯಾಗ್ನರ್ ಮೊದಲಾದ ವಿದ್ವಾಂಸರು ಈ ಹೇಳಿಕೆಗಳನ್ನು ಮರುಪರಿಶೀಲಿಸಿದ್ದಾರೆ. ದಾರಿಹೋಕರ ಕೊಲೆಗಳು ನಡೆದುದು ದಿಟ. ಅವುಗಳನ್ನು ಅಖಿಲ ಭಾರತ ವ್ಯಾಪ್ತಿಯ ಒಂದೇ ಧಾರ್ಮಿಕ ಪಂಥದ ಕೃತ್ಯವೆಂದು ರೂಪಿಸಿದುದರಲ್ಲಿ ವಿಚಾರಣೆಯ ವಿಧಾನಕ್ಕೂ ಪಾಲಿದೆ.

ಕಾದಂಬರಿಯ ಕೀರ್ತಿಯೊಡನೆ ಭಾರತಕ್ಕೆ ಮರಳಿದ ಟೇಲರ್ 1841ರಲ್ಲಿ ಸುರಪುರಕ್ಕೆ ನಿಯುಕ್ತನಾದನು. ದೊರೆ ಕೃಷ್ಣಪ್ಪ ನಾಯಕನ ನಿಧನಾನಂತರ ರಾಣಿ ಈಶ್ವರಮ್ಮ ಮತ್ತು ದೊರೆಯ ಸೋದರ ಪಿಡ್ಡ ನಾಯಕನ ನಡುವೆ ಅಧಿಕಾರದ ತಿಕ್ಕಾಟ ನಡೆದಿತ್ತು. ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಬೇಡ ನಾಯಕರ ಈ ನಾಡಿನಲ್ಲಿ ಟೇಲರ್ ಹನ್ನೆರಡು ವರ್ಷ ಆಡಳಿತ ನೋಡಿಕೊಂಡನು. ಕಂದಾಯ, ರಸ್ತೆ, ಕೆರೆಗಳ ಕೆಲಸಗಳಿಗೆ ಗಮನವಿತ್ತನು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನೂ ರಾಜನಕೋಳೂರಿನ ಕಲ್ಗೋರಿಗಳನ್ನೂ ವಿದ್ವತ್ ಲೋಕಕ್ಕೆ ಪರಿಚಯಿಸಿದನು. ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದನು. 1853ರಲ್ಲಿ ಪ್ರಾಪ್ತವಯಸ್ಕನಾದ ದೊರೆಗೆ ಆಡಳಿತ ವಹಿಸಿ ಟೇಲರ್ ಸುರಪುರವನ್ನು ಬಿಟ್ಟನು.

1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದನು. ಸೋಲಿನ ಬಳಿಕ ಹೈದರಾಬಾದಿನಲ್ಲಿ ಸೆರೆಸಿಕ್ಕನು. ಅಲ್ಲಿನ ಬಂದೀಖಾನೆಯಲ್ಲಿ ಟೇಲರ್ ಅವನನ್ನು ಕಂಡನು. ಪ್ರಚೋದಿಸಿದವರ ಹೆಸರುಗಳನ್ನು ರೆಸಿಡೆಂಟನ ಮುಂದೆ ತಿಳಿಸಿದರೆ ಕ್ಷಮೆ ದೊರಕೀತೆಂಬ ಸೂಚನೆಯನ್ನು ದೊರೆ ನಿರಾಕರಿಸಿದನು. ಕಳ್ಳನಂತೆ ನೇಣಿಗೇರುವುದಕ್ಕಿಂತ ಫಿರಂಗಿಯ ಬಾಯಿಗೆ ಕಟ್ಟಿಸಿಕೊಳ್ಳುವುದೇ ಲೇಸೆಂದು ಕೋರಿದನು. ಮರಣದಂಡನೆ ಗಡೀಪಾರಿಗೂ, ಕೊನೆಗೆ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೂ ಇಳಿಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಮಡಿದನು. 

ಮಾಫಿ ಸಾಕ್ಷಿಯ ಮಾತಿನಿಂದ ಪ್ರಸಿದ್ಧನಾದ ಲೇಖಕನಿಗೆ ಇಲ್ಲಿ ಎದುರಾದುದು ಮಾಫಿ ಸಾಕ್ಷಿಯಾಗಲೊಲ್ಲದ ಬಂದಿ. ಒಬ್ಬನು ಮಾತಾಡಿ ಜೀವ ಉಳಿಸಿಕೊಂಡನು, ಕಥಾನಾಯಕನೂ ಆದನು. ಇನ್ನೊಬ್ಬನು ಹೆಸರು ಹೇಳದೆ ಉಳಿದನು. 1860ರಲ್ಲಿ ಭಾರತವನ್ನು ಬಿಟ್ಟ ಟೇಲರ್ ‘ತಾರಾ’, ‘ರಾಲ್ಫ್ ಡಾರ್ನೆಲ್’ ಕಾದಂಬರಿಗಳನ್ನು ಬರೆದನು. 1857ರ ದಂಗೆಯನ್ನೇ ವಸ್ತುವಾಗುಳ್ಳ ‘ಸೀತಾ’ (1872) ಕಾದಂಬರಿಗೂ ಸುರಪುರ ಕೇಂದ್ರವಾಗಲಿಲ್ಲ. ದೊರೆಯ ಕಥೆ ಉಳಿದುದು ಆತ್ಮಕಥೆಯಲ್ಲಿ. ಫ್ರಾನ್ಸಿನ ಮೆಂಟೋನಿನಲ್ಲಿ 1876ರಲ್ಲಿ ಟೇಲರ್ ತೀರಿಕೊಂಡ ಮರುವರ್ಷ ಮಗಳು ಆಲಿಸ್ ಅದನ್ನು ಸಂಪಾದಿಸಿ ಪ್ರಕಟಿಸಿದಳು.

ಅಪರಾಧ ಕಥನದ ಜನಪ್ರಿಯತೆ ಕೊಲೆಯ ಭೀಕರತೆಯನ್ನಷ್ಟೇ ಅವಲಂಬಿಸಿರುವುದಿಲ್ಲ. ಅಪರಾಧಿ ಬಾಯಿಬಿಡುವುದನ್ನೂ ಅದು ಬೇಡುತ್ತದೆ. ಈ ದೃಷ್ಟಿಯಿಂದ ಟೇಲರ್‌ನ ಕಾದಂಬರಿಯನ್ನು ಓದುವಾಗ ಸುರಪುರದ ಅಧ್ಯಾಯವನ್ನು ಅದರ ಪಕ್ಕದಲ್ಲಿರಿಸಿಕೊಳ್ಳುವುದು ಅವಶ್ಯ. ಅಮೀರ್ ಅಲಿಯ ನಿರರ್ಗಳ ಮಾತು ಯಾವ ಬೆಲೆಗೆ ದೊರೆತದ್ದೆಂಬುದನ್ನು ವೆಂಕಟಪ್ಪ ನಾಯಕನ ನಿರಾಕರಣೆ ಸ್ಪಷ್ಟಪಡಿಸುತ್ತದೆ.